ನಲವತ್ತೈದರಲ್ಲಿ ದಾರಿ ಕಾಣದಿದ್ದರೆ: ಕೆಲಸ ಬಿಡುವ ಮೊದಲು ಮಾಡಿ ನೋಡಬೇಕಾದ್ದು

ಮನೆ ಆಗಿದೆ. ಮಕ್ಕಳು ಹೈಸ್ಕೂಲೋ ಪಿಯುಸಿಯೋ ಓದುತ್ತಿದ್ದಾರೆ. ಸಂಬಳ ಬರುತ್ತಿದೆ, ಇಎಂಐ ಹೋಗುತ್ತಿದೆ. ಆದರೂ ಭಾನುವಾರ ಸಂಜೆ ಆಯಿತೆಂದರೆ ಎದೆಯಲ್ಲಿ ಏನೋ ಭಾರ, ಇನ್ನೂ ಹದಿನೈದು ವರ್ಷ ಹೀಗೇನಾ ಅನ್ನುವ ಪ್ರಶ್ನೆ. ಯಾರಿಗಾದರೂ ಹೇಳಿದರೆ ‘ಎಲ್ಲಾ ಇದೆಯಲ್ಲಪ್ಪಾ, ನಿಂಗೇನು ಕಡಿಮೆ?’ ಅನ್ನುತ್ತಾರೆ. ಆಮೇಲೆ ಹೇಳುವುದನ್ನೂ ನಿಲ್ಲಿಸುತ್ತೇವೆ.

40ರಿಂದ 52ರ ನಡುವೆ ಈ ಪ್ರಶ್ನೆ ತುಂಬಾ ಜನರಿಗೆ ಬರುತ್ತದೆ. ಮಿಡ್‌ಲೈಫ್ ಕ್ರೈಸಿಸ್ ಅನ್ನುವ ಮಾತು ಹರಡಿದ್ದು 1965ರಲ್ಲಿ ಎಲಿಯಟ್ ಜಾಕ್ಸ್ ಎಂಬ ಮನೋವಿಶ್ಲೇಷಕ ಬರೆದ ಲೇಖನದಿಂದ. ಸಾವು ತನಗೂ ಇದೆ ಅನ್ನುವುದು ಮನುಷ್ಯನಿಗೆ ನಿಜವಾಗಿ ತಟ್ಟುವುದು ಈ ವಯಸ್ಸಿನಲ್ಲೇ ಅನ್ನುವುದು ಅವರ ವಾದ. ಕರ್ನಾಟಕದಲ್ಲಿ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೊರಟುಹೋದರು. ಅದಾದ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಇಸಿಜಿ ಸರಿ ಇದೆ ಅಂತ ಗೊತ್ತಾದ ಮೇಲೂ ಎಷ್ಟೋ ಜನರ ಒಳಗೆ ಒಂದು ಪ್ರಶ್ನೆ ಉಳಿದೇ ಇತ್ತು: ಇರುವಷ್ಟು ದಿನ ಏನು ಮಾಡಲಿ?

ಕೂತು ಯೋಚಿಸಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ, ರಾತ್ರಿ 2 ಗಂಟೆಗೆ ಯೋಚಿಸಿದರಂತೂ ಸಿಗುವುದೇ ಇಲ್ಲ. ಮನಸ್ಸಿನಲ್ಲಿ ಇರುವುದನ್ನು ಚಿಕ್ಕದಾಗಿ, ಕಡಿಮೆ ಖರ್ಚಿನಲ್ಲಿ, ತಾರೀಖು ಹಾಕಿಕೊಂಡು ಮಾಡಿ ನೋಡಬೇಕು. ದೊಡ್ಡ ನಿರ್ಧಾರ ಅದರ ಹಿಂದೆ ಬರಲಿ. ನಾನು ಹೇಳಬೇಕೆಂದಿರುವುದು ಇಷ್ಟೇ, ಉಳಿದದ್ದೆಲ್ಲ ಅದನ್ನು ಮಾಡುವುದು ಹೇಗೆ ಅನ್ನುವುದು.

ಮೊದಲು ದೇಹ ನೋಡಿಸಿ

ಬದುಕಿನ ಅರ್ಥ ಹುಡುಕುವ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ. ತಮಾಷೆಗೆ ಹೇಳುತ್ತಿಲ್ಲ. ಥೈರಾಯ್ಡ್ ಕಡಿಮೆ ಇದ್ದರೆ ಯಾವುದರಲ್ಲೂ ಉತ್ಸಾಹ ಇರುವುದಿಲ್ಲ. ಬಿ12 ಕಡಿಮೆಯಾದರೆ ಸುಸ್ತು, ಮರೆವು, ಸಿಡುಕು, ಎಲ್ಲವೂ ಬರಬಹುದು. ಸಸ್ಯಾಹಾರಿಗಳಲ್ಲಿ ಇದು ಜಾಸ್ತಿ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12, ಎಚ್‌ಬಿಎ1ಸಿ (ಶುಗರ್ ಪರೀಕ್ಷೆ), ಹಿಮೋಗ್ಲೋಬಿನ್, ಬಿಪಿ, ಇಷ್ಟನ್ನು ನೋಡಿಸಿಕೊಂಡು ಡಾಕ್ಟರ ಹತ್ತಿರ ಮಾತಾಡಿ. ಜೋರಾಗಿ ಗೊರಕೆ ಹೊಡೆಯುತ್ತೀರಿ, ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ತಲೆ ಭಾರ ಅಂದರೆ ಅದನ್ನೂ ಹೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು ಇದೆ, ಅದನ್ನು ಮನೆಗಳಲ್ಲಿ ಆಡುವುದೇ ಇಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಮುಟ್ಟು ನಿಲ್ಲುವುದು 45ರಿಂದ 50ರ ಆಸುಪಾಸಿನಲ್ಲಿ. ಅದಕ್ಕೂ ಕೆಲವು ವರ್ಷ ಮೊದಲೇ ನಿದ್ದೆ ಕೆಡುವುದು, ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದು, ಸುಮ್ಮಸುಮ್ಮನೆ ಅಳು ಬರುವುದು ಶುರುವಾಗಬಹುದು. ಅದೇ ವರ್ಷ ಮಗಳ ಬೋರ್ಡ್ ಪರೀಕ್ಷೆ, ಅತ್ತೆಯ ಮಂಡಿ ಆಪರೇಷನ್. ಎಲ್ಲರೂ ‘ಇವಳಿಗೆ ಸಿಟ್ಟು ಜಾಸ್ತಿಯಾಗಿದೆ’ ಅನ್ನುತ್ತಾರೆ. ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಇದಕ್ಕೆ ಚಿಕಿತ್ಸೆ ಇದೆ, ಸಹಿಸಿಕೊಂಡು ಕೂರಬೇಕಿಲ್ಲ.

ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದೂ ಬೇಡ ಅನಿಸುತ್ತಿದ್ದರೆ, ಊಟ ನಿದ್ದೆ ಎರಡೂ ಕೆಟ್ಟಿದ್ದರೆ, ಬದುಕಿರುವುದೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದಿದ್ದರೂ, ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದಿನವಿಡೀ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಖಿನ್ನತೆ ಕಾಯಿಲೆ, ಅದಕ್ಕೆ ಔಷಧಿ ಇದೆ. ಹವ್ಯಾಸ ಬೆಳೆಸಿಕೊಂಡರೆ ಹೋಗುವಂಥದ್ದಲ್ಲ.

ಏನು ಕಾಡುತ್ತಿದೆ ಅಂತ ಬಿಡಿಸಿ ನೋಡಿ

ದೇಹ ಸರಿಯಿದೆ ಅಂದುಕೊಳ್ಳೋಣ. ಈಗ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ವಾರ, ಮಲಗುವ ಮೊದಲು ಎರಡೇ ವಿಷಯ ಬರೆಯಿರಿ. ಇವತ್ತು ಯಾವ ಹೊತ್ತಿನಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ? ಯಾವ ಹೊತ್ತಿನಲ್ಲಿ ಗಡಿಯಾರ ನೋಡುತ್ತಾ ಕೂತಿದ್ದೆ? ‘ಆಫೀಸ್ ಬೇಜಾರು’ ಅಂತ ಬರೆಯಬೇಡಿ. ‘11 ಗಂಟೆಯ ಮೀಟಿಂಗ್‌ನಲ್ಲಿ ನಾನು ಯಾಕೆ ಇದ್ದೆ ಗೊತ್ತಾಗಲಿಲ್ಲ, ಆದರೆ ಹೊಸ ಹುಡುಗನಿಗೆ ಕೆಲಸ ಹೇಳಿಕೊಟ್ಟ ಅರ್ಧ ಗಂಟೆ ಚೆನ್ನಾಗಿತ್ತು’ ಅಂತ ಬರೆಯಿರಿ.

ವಾರದ ಕೊನೆಗೆ ಓದಿದರೆ ನಿಮ್ಮದು ಸುಸ್ತೋ, ಬೇಸರವೋ, ದುಃಖವೋ ಅನ್ನುವುದು ಸುಮಾರಾಗಿ ಕಾಣುತ್ತದೆ. ಸುಸ್ತಾದರೆ ರಜೆ ಬೇಕು. ಉಳಿದಿರುವ ಇಎಲ್ (ಗಳಿಕೆ ರಜೆ) ಹಾಕಿ, ಲ್ಯಾಪ್‌ಟಾಪ್ ಮನೆಯಲ್ಲೇ ಬಿಟ್ಟು ಹೋಗಿ. ಬಂದ ಮೇಲೆ ಕೆಲಸ ಮತ್ತೆ ರುಚಿಸಿದರೆ ನಿಮಗೆ ಹೊಸ ಬದುಕು ಬೇಕಿರಲಿಲ್ಲ, ನಿದ್ದೆ ಬೇಕಿತ್ತು. ಬೇಸರವಾದರೆ ಹೊಸದೇನಾದರೂ ಬೇಕು, ಅದಕ್ಕೆ ಮುಂದೆ ಬರುತ್ತೇನೆ.

ದುಃಖದ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಅಪ್ಪನ ವೈಕುಂಠ ಸಮಾರಾಧನೆ ಮುಗಿಸಿ ಮಾರನೇ ದಿನವೇ ಲಾಗಿನ್ ಆದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ! ಹದಿಮೂರು ದಿನ ಬಂದವರನ್ನು ನೋಡಿಕೊಳ್ಳುವುದು, ಅಡುಗೆಯವರ ಲೆಕ್ಕ, ಪುರೋಹಿತರ ಲೆಕ್ಕ, ಡೆತ್ ಸರ್ಟಿಫಿಕೇಟ್‌ಗೆ ಓಡಾಟ. ಅಳುವುದಕ್ಕೆ ಹೊತ್ತೇ ಸಿಗಲಿಲ್ಲ. ಎರಡು ವರ್ಷ ಆದ ಮೇಲೆ ‘ನನಗೆ ಕೆಲಸದಲ್ಲಿ ಆಸಕ್ತಿ ಹೋಗಿದೆ’ ಅನಿಸುತ್ತದೆ. ಹೋಗಿರುವುದು ಆಸಕ್ತಿಯೋ, ಫೋನ್ ಮಾಡಿ ‘ಊಟ ಆಯ್ತಾ’ ಅಂತ ಕೇಳುತ್ತಿದ್ದ ಆ ಮನುಷ್ಯನೋ, ನೋಡಿಕೊಳ್ಳಿ. ಎರಡನೆಯದಾದರೆ ಅಣ್ಣನೋ ಅಕ್ಕನೋ ಯಾರಾದರೂ ಇದ್ದಾರಲ್ಲ, ಅವರ ಜೊತೆ ಕೂತು ಅಪ್ಪನ ಬಗ್ಗೆ ಮಾತಾಡಿ. ಅವರ ಹಳೇ ಡೈರಿ, ಫೋಟೋ, ಪೆಟ್ಟಿಗೆ ತೆಗೆದು ನೋಡಿ. ಆ ಕೆಲಸ ಬಾಕಿ ಇಟ್ಟುಕೊಂಡು ಯಾವ ಹೊಸ ದಾರಿ ಹಿಡಿದರೂ ಅದೇ ಭಾರ ಜೊತೆಗೆ ಬರುತ್ತದೆ.

ಇದೇ ಹೊತ್ತಿಗೆ ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸಾಪ್ ಗ್ರೂಪನ್ನು ಮ್ಯೂಟ್ ಮಾಡಿ. ಯಾರೋ ಡೈರೆಕ್ಟರ್ ಆದರು, ಯಾರದೋ ಮಗ ಐಐಟಿಗೆ ಹೋದ ಅನ್ನುವ ಸುದ್ದಿ ನಿಮಗೆ ಈಗ ಬೇಡ.

ದುಡ್ಡಿನ ಲೆಕ್ಕ ಕಾಗದದ ಮೇಲೆ ಬರಲಿ

‘ಕೆಲಸ ಬಿಟ್ಟರೆ ಹೇಗೆ?’ ಅನ್ನುವ ಭಯಕ್ಕೆ ಒಂದು ಅಂಕಿ ಕೊಡಿ. ಹಿಂದಿನ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಮನೆ ನಡೆಯಲು ತಿಂಗಳಿಗೆ ನಿಜವಾಗಿ ಎಷ್ಟು ಬೇಕು ಅಂತ ಗಂಡಹೆಂಡತಿ ಒಟ್ಟಿಗೆ ಕೂತು ಬರೆಯಿರಿ. ಸಾಲ ಎಷ್ಟು ಉಳಿದಿದೆ, ಮಕ್ಕಳ ಓದಿಗೆ ಯಾವ ವರ್ಷ ಎಷ್ಟು ಬೇಕಾಗಬಹುದು, ಅಪ್ಪ ಅಮ್ಮನ ಆಸ್ಪತ್ರೆಗೆ ಎಷ್ಟು ಎತ್ತಿಡಬೇಕು, ಎಲ್ಲವೂ ಬರಲಿ.

ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಆದ್ದರಿಂದ ಕೆಲಸ ಬಿಡುವ ಯೋಚನೆ ಸ್ವಲ್ಪ ಇದ್ದರೂ ಸ್ವಂತ ಪಾಲಿಸಿ ಈಗಲೇ ಮಾಡಿಸಿ. ಶುಗರ್, ಬಿಪಿಯಂಥ ಮೊದಲೇ ಇರುವ ಕಾಯಿಲೆಗಳಿಗೆ ಹೊಸ ಪಾಲಿಸಿಯಲ್ಲಿ 3 ವರ್ಷದವರೆಗೆ ಕಾಯಬೇಕಾಗಬಹುದು. ಆ ಕಾಯುವಿಕೆ ಸಂಬಳ ಬರುತ್ತಿರುವಾಗಲೇ ಮುಗಿಯಲಿ. ಪಿಎಫ್ ಪೆನ್ಷನ್‌ಗೆ ಕನಿಷ್ಠ 10 ವರ್ಷದ ಸೇವೆ ಬೇಕು. ಹಳೇ ಕಂಪನಿಗಳ ಪಿಎಫ್ ಅಕೌಂಟ್ ವರ್ಗಾವಣೆ ಆಗದೆ ಉಳಿದಿದ್ದರೆ ಈಗಲೇ ಮಾಡಿಸಿಕೊಳ್ಳಿ.

ಕೆಲವರಿಗೆ ಈ ಲೆಕ್ಕ ಮುಗಿಯುವಷ್ಟರಲ್ಲೇ ಅರ್ಧ ಭಾರ ಇಳಿಯುತ್ತದೆ. ಇನ್ನು ಕೆಲವರಿಗೆ ಇನ್ನೂ ಏಳು ವರ್ಷ ಕೆಲಸ ಬಿಡಲು ಆಗುವುದಿಲ್ಲ ಅಂತ ಗೊತ್ತಾಗುತ್ತದೆ. ಅದು ಕೇಳಲು ಕಷ್ಟ, ಆದರೆ ಗೊತ್ತಾಗದೆ ಒದ್ದಾಡುವುದಕ್ಕಿಂತ ಮೇಲು. ಏಳು ವರ್ಷ ಇದೆ ಅಂತ ಗೊತ್ತಾದರೆ ಕೆಲಸದ ಆಚೆಗಿನ ಹೊತ್ತನ್ನು ಹೇಗೆ ಕಟ್ಟಿಕೊಳ್ಳಬೇಕು ಅಂತ ಯೋಚಿಸಲು ಶುರು ಮಾಡುತ್ತೀರಿ.

ತೋಟದ ಕನಸು ಇದ್ದವರಿಗೆ

ಬೆಂಗಳೂರಿನಲ್ಲಿ ಕೂತ ಕನ್ನಡಿಗರ ಮಿಡ್‌ಲೈಫ್ ಕನಸುಗಳಲ್ಲಿ ಮೊದಲನೆಯದು ಊರಿಗೆ ಹೋಗಿ ತೋಟ ಮಾಡುವುದು. ಒಳ್ಳೆಯ ಕನಸು, ಮಾಡಿ ಗೆದ್ದವರೂ ಇದ್ದಾರೆ. ಆದ್ದರಿಂದಲೇ ಸರಿಯಾಗಿ ಪರೀಕ್ಷೆ ಮಾಡಿ ನೋಡಬೇಕು.

2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು 79ಎ, 79ಬಿ ಕಲಂಗಳು ಹೋದ ಮೇಲೆ ಕರ್ನಾಟಕದಲ್ಲಿ ಕೃಷಿ ಕುಟುಂಬದವರಲ್ಲದವರೂ ಜಮೀನು ಕೊಳ್ಳಬಹುದು. ಅಂದರೆ ಕೊಳ್ಳುವುದು ಸುಲಭವಾಗಿದೆ, ಬೆಳೆಯುವುದು ಸುಲಭವಾಗಿಲ್ಲ. ಅಡಿಕೆ ಸಸಿ ನೆಟ್ಟರೆ ಫಸಲು ನೋಡಲು ಸುಮಾರು 5ರಿಂದ 7 ವರ್ಷ ಬೇಕು. 47ಕ್ಕೆ ನೆಟ್ಟರೆ 53 ಆಗಿರುತ್ತದೆ. ಅಲ್ಲಿಯವರೆಗೆ ನೀರು, ಗೊಬ್ಬರ, ಕೂಲಿ ಎಲ್ಲ ಕೈಯಿಂದ. ಮಲೆನಾಡಾದರೆ ಮಳೆಗಾಲಕ್ಕೆ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಮರ ಹತ್ತುವವರು ಸಿಕ್ಕದೆ ಆ ದಿನಗಳಲ್ಲಿ ಜನ ಎಷ್ಟು ಒದ್ದಾಡುತ್ತಾರೆ ಅನ್ನುವುದು ಅಲ್ಲಿದ್ದವರಿಗೇ ಗೊತ್ತು. ಈಗ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ.

ಹಾಗಾದರೆ ಪರೀಕ್ಷೆ ಹೇಗೆ? ಮದುವೆಗೋ ಹಬ್ಬಕ್ಕೋ ಊರಿಗೆ ಹೋಗಿ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಜುಲೈ ತಿಂಗಳಲ್ಲಿ ಹತ್ತು ದಿನ ರಜೆ ಹಾಕಿ ಚಿಕ್ಕಪ್ಪನದೋ ಸ್ನೇಹಿತರದೋ ತೋಟಕ್ಕೆ ಹೋಗಿ. ಮಳೆ ಬಿಡುವುದಿಲ್ಲ, ಕರೆಂಟ್ ಇರುವುದಿಲ್ಲ, ಕಾಲಿಗೆ ಉಂಬಳ (ಜಿಗಣೆ) ಹತ್ತುತ್ತದೆ, ನೆಟ್‌ವರ್ಕ್ ಬೇಕಾದರೆ ಗುಡ್ಡ ಹತ್ತಬೇಕು. ಅವರ ಜೊತೆ ಎದ್ದು, ಅವರು ಮಾಡುವ ಕೆಲಸ ಮಾಡಿ. ಆಮೇಲೆ ಕೊಯ್ಲಿನ ಸಮಯದಲ್ಲಿ ಇನ್ನೊಮ್ಮೆ ಹೋಗಿ, ಸುಲಿಯುವವರ ಜೊತೆ ರಾತ್ರಿ ಕೂತುಕೊಳ್ಳಿ. ಬೆಲೆ ಬಿದ್ದ ವರ್ಷ ಏನು ಮಾಡಿದಿರಿ ಅಂತ ಕೇಳಿ. ಸಂಗಾತಿಯೂ ಎರಡರಲ್ಲಿ ಒಂದು ಸಲವಾದರೂ ಬರಬೇಕು. ತೋಟ ಒಬ್ಬರ ಕನಸಾಗಿ ಇನ್ನೊಬ್ಬರಿಗೆ ಬರೀ ಅಡುಗೆಮನೆ ಕೆಲಸವಾದರೆ ಎರಡನೇ ವರ್ಷಕ್ಕೇ ಜಗಳ ಶುರು.

ಈ ಎರಡು ಸಲವೂ ‘ಇನ್ನೂ ಇರಬೇಕಿತ್ತು’ ಅನಿಸಿದರೆ ಜಮೀನು ನೋಡಲು ಶುರು ಮಾಡಿ. ಪಹಣಿ, ಮ್ಯುಟೇಶನ್, ಇಸಿ (ಋಣಭಾರ ಪತ್ರ), ಸರ್ವೆ ಸ್ಕೆಚ್ ಎಲ್ಲ ತೆಗೆಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನೇನಾದರೂ ಇದೆಯಾ ಅಂತ ಮೂಲ ದಾಖಲೆ ನೋಡಿಸಿ. ಅಂಥದ್ದನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಮಾರಾಟ ನಿಲ್ಲುವುದಿಲ್ಲ. ಆ ಊರಿನ ವಕೀಲರಿಗೆ ಕೊಡುವ ಫೀಸು ದಂಡವಲ್ಲ.

ಹೊರದೇಶದಲ್ಲಿದ್ದು ವಾಪಸ್ ಬರುವ ಯೋಚನೆ ಇರುವವರಿಗೂ ಇದೇ ಮಾತು. ಡಿಸೆಂಬರ್ ರಜೆಯಲ್ಲಿ ನೋಡುವ ಊರು ಬೇರೆ. ಆಗದಿದ್ದರೆ ಸಂಬಳವಿಲ್ಲದ ರಜೆ ತೆಗೆದುಕೊಂಡಾದರೂ ಎರಡು ಮೂರು ತಿಂಗಳು ಬಂದು, ಬಾಡಿಗೆ ಮನೆಯಲ್ಲಿ ಇದ್ದು, ತರಕಾರಿ ತಂದು, ಬ್ಯಾಂಕು, ಆರ್‌ಟಿಒ ಅಲೆದು ನೋಡಿ.

ಕನಸೇ ಇಲ್ಲದವರಿಗೆ

ಹೆಚ್ಚಿನವರ ತೊಂದರೆ ಇದು. ಏನೋ ಬೇಕು, ಏನು ಅಂತ ಗೊತ್ತಿಲ್ಲ. ಇಂಥವರು ದೊಡ್ಡ ಗುರಿ ಹುಡುಕಬಾರದು. ಹತ್ತಿರದಲ್ಲಿ ಯಾರಿಗಾದರೂ ಬೇಕಾಗಿರುವ ಒಂದು ಕೆಲಸ ಹುಡುಕಬೇಕು.

ಹರೇಕಳ ಹಾಜಬ್ಬ ಅವರನ್ನು ನೆನೆಸಿಕೊಳ್ಳಿ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದರು. ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಹೇಳಲಾಗಲಿಲ್ಲ. ಆ ನೋವಿನಿಂದ ತಮ್ಮೂರಿನ ಮಕ್ಕಳಿಗಾದರೂ ಶಾಲೆ ಬೇಕು ಅಂತ ಓಡಾಡಿ, ಕೂಡಿಟ್ಟ ದುಡ್ಡು ಹಾಕಿ, ಹರೇಕಳದ ನ್ಯೂಪಡ್ಪುವಿನಲ್ಲಿ 2000ದ ಹೊತ್ತಿಗೆ ಶಾಲೆ ತಂದರು. ಆಗ ಅವರಿಗೆ ನಲವತ್ತು ದಾಟಿತ್ತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ನನಗೆ ಇದರಲ್ಲಿ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುವುದು ಬೇರೆ: ಶಾಲೆಗೆ ಓಡಾಡುವಾಗಲೂ ಅವರು ಕಿತ್ತಳೆ ಮಾರುವುದನ್ನು ಬಿಡಲಿಲ್ಲ. ಹೊಟ್ಟೆಪಾಡಿನ ಕೆಲಸ ಒಂದು ಕಡೆ ನಡೆಯುತ್ತಿತ್ತು, ಮನಸ್ಸು ಹಿಡಿದ ಕೆಲಸ ಅದರ ಪಕ್ಕದಲ್ಲೇ ಬೆಳೆಯಿತು.

ನಿಮ್ಮ ಪಾಲಿಗೆ ಅದು ಶಾಲೆಯಷ್ಟು ದೊಡ್ಡದಿರಬೇಕಿಲ್ಲ. ಬೀದಿಯ ಕೊನೆಯ ಸರ್ಕಾರಿ ಶಾಲೆಯಲ್ಲಿ ಶನಿವಾರ ಗಣಿತ ಹೇಳಿಕೊಡುವುದು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಠ್ಯ ಓದಿ ರೆಕಾರ್ಡ್ ಮಾಡಿಕೊಡುವುದು. ನಿಮ್ಮೂರಿನ ಕೆರೆ, ದೇವಸ್ಥಾನ, ಜಾತ್ರೆ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ಆಧಾರ ಸಮೇತ ಬರೆಯುವುದು. ಹದಿನೆಂಟರಲ್ಲಿ ಬಿಟ್ಟ ಯಕ್ಷಗಾನದ ತಾಳ ಮತ್ತೆ ಹಿಡಿಯುವುದು, ಬೆಂಗಳೂರಿನಲ್ಲೂ ದೊಡ್ಡವರಿಗೆ ಕಲಿಸುವವರಿದ್ದಾರೆ. ಕನ್ನಡ ಎಂಎ ಮಾಡಬೇಕೆಂದಿತ್ತು, ಮನೆಯವರು ಎಂಜಿನಿಯರಿಂಗ್ ಮಾಡಿಸಿದರು ಅನ್ನುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ, ಕೆಲಸ ಮಾಡುತ್ತಲೇ ಓದಬಹುದು. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ 1949ರಿಂದ ಇರುವ ನೀನಾಸಮ್ ಎಂಬ ರಂಗಸಂಸ್ಥೆ ವರ್ಷಕ್ಕೊಮ್ಮೆ ಸಂಸ್ಕೃತಿ ಶಿಬಿರ ನಡೆಸುತ್ತದೆ. ನಾಟಕ ನೋಡಿ, ಎಲ್ಲ ವಯಸ್ಸಿನವರ ಜೊತೆ ಕೂತು ಚರ್ಚೆ ಕೇಳಿ, ಅಲ್ಲೇ ಊಟ ಮಾಡಿ ಬರುವ ಆ ಕೆಲವು ದಿನ, ನಿಮ್ಮನ್ನು ಹುದ್ದೆಯಿಂದ ಗುರುತಿಸದ ಜನರ ನಡುವೆ ಇರುವುದೇ ಒಂದು ಔಷಧಿ.

ಇವುಗಳಲ್ಲಿ ಒಂದೇ ಒಂದನ್ನು ಆರಿಸಿಕೊಳ್ಳಿ. ವಾರಕ್ಕೆ ಮೂರು ಗಂಟೆ, ಮೂರು ತಿಂಗಳು. ಯಾರಿಗಾದರೂ ‘ಬರುತ್ತೇನೆ’ ಅಂತ ಮಾತು ಕೊಟ್ಟ ಕೆಲಸವಾದರೆ ಒಳ್ಳೆಯದು, ಮಳೆ ಬಂದ ದಿನವೂ ಹೋಗುತ್ತೀರಿ. ಮೊದಲೇ ಎರಡು ಲಕ್ಷದ ಕ್ಯಾಮೆರಾ ಕೊಳ್ಳಬೇಡಿ. ಎರವಲು ತಂದು ಶುರು ಮಾಡಿ.

ಮನೆಯಲ್ಲೇ ಇರುವ ಅಕ್ಕಂದಿರಿಗೆ

ಇಪ್ಪತ್ತು ವರ್ಷ ಬೇರೆಯವರ ಗಡಿಯಾರಕ್ಕೆ ಬದುಕಿದವರು ನೀವು. ಡಬ್ಬಿ, ಸ್ಕೂಲ್ ಬಸ್, ಮಾವನ ಮಾತ್ರೆ, ಗಂಡನ ಶಿಫ್ಟು. ಮಗಳು ಹಾಸ್ಟೆಲಿಗೆ ಹೋದ ಮೇಲೆ ಮನೆ ಖಾಲಿ, ಆದರೆ ಹೊತ್ತು ಮಾತ್ರ ನಿಮ್ಮದಾಗಿಲ್ಲ. ‘ಮನೆಯಲ್ಲೇ ಇರ್ತಾಳಲ್ಲ’ ಅಂತ ಕೊರಿಯರ್‌ನಿಂದ ಹಿಡಿದು ಸಂಬಂಧಿಕರ ಸೀಮಂತದವರೆಗೆ ಎಲ್ಲ ನಿಮ್ಮ ತಲೆಗೇ.

ನಿಮ್ಮ ಮೊದಲ ಕೆಲಸ ಹವ್ಯಾಸ ಹುಡುಕುವುದಲ್ಲ, ಹೊತ್ತು ಕೇಳಿ ಪಡೆಯುವುದು. ವಾರದಲ್ಲಿ ಎರಡು ಮಧ್ಯಾಹ್ನ, 2ರಿಂದ 5, ‘ನಾನು ಮನೆಯಲ್ಲಿ ಇರುವುದಿಲ್ಲ’ ಅಂತ ಎಲ್ಲರಿಗೂ ಹೇಳಿ. ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ಅದರ ಬಗ್ಗೆ ಚರ್ಚೆಯಾಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ, ಓಡಾಟದ ದುಡ್ಡಿಗೂ ಯಾರನ್ನೂ ಕೇಳಬೇಕಿಲ್ಲ. ಮೊದಲ ಎರಡು ವಾರ ಸುಮ್ನೆ ಹೋಗಿ ಬನ್ನಿ. ಲೈಬ್ರರಿಯೋ, ಹಳೇ ಗೆಳತಿಯ ಮನೆಯೋ, ಒಬ್ಬರೇ ಕೂತು ಕಾಫಿ ಕುಡಿಯುವುದೋ. ಏನು ಬೇಕು ಅನ್ನುವುದು ಆ ಹೊತ್ತಿನಲ್ಲಿ ತಾನಾಗಿ ತಲೆ ಎತ್ತುತ್ತದೆ. ಮನೆಯ ಗಂಡಸರು ಇದನ್ನು ಓದುತ್ತಿದ್ದರೆ, ಆ ಎರಡು ದಿನ ಸಂಜೆಯ ಕಾಫಿ ತಿಂಡಿ ನಿಮ್ಮದು.

ಮನೆಯಲ್ಲಿ ಹೇಗೆ ಹೇಳುವುದು

‘ನನಗೆ ಈ ಬದುಕೇ ಸಾಕಾಗಿದೆ’ ಅಂದರೆ ಸಂಗಾತಿಗೆ ಕೇಳಿಸುವುದು ‘ನೀನು ಸಾಕಾಗಿದ್ದೀಯ’ ಅಂತ. ಆ ಮಾತು ಬೇಡ. ರಾತ್ರಿ ಊಟವಾದ ಮೇಲೆ, ಟಿವಿ ಆರಿಸಿ, ಹೀಗೆ ಹೇಳಿ ನೋಡಿ: ‘ಕೆಲಸ ಬಿಡ್ತೀನಿ ಅಂತ ಹೇಳ್ತಾ ಇಲ್ಲ. ಕೆಲವು ತಿಂಗಳಿಂದ ಮನಸ್ಸು ಸರಿಯಿಲ್ಲ. ಶನಿವಾರ ಬೆಳಿಗ್ಗೆ ಮೂರು ತಿಂಗಳು ಒಂದು ಕಡೆ ಹೋಗಿ ಬರ್ತೀನಿ. ಆಮೇಲೆ ಇಬ್ರೂ ಕೂತು ಮಾತಾಡೋಣ.’ ತಾರೀಖು ಇರುವ ಮಾತಿಗೆ ಯಾರೂ ಹೆದರುವುದಿಲ್ಲ. ಆಮೇಲೆ ‘ನಿಂಗೆ ಹೇಗನಿಸ್ತಿದೆ?’ ಅಂತ ಕೇಳಿ, ಸುಮ್ಮನಿದ್ದು ಕೇಳಿಸಿಕೊಳ್ಳಿ. ಅವರಿಗೂ ಇದೇ ವಯಸ್ಸು, ಅಲ್ವಾ?

ಮೂರು ತಿಂಗಳಾದ ಮೇಲೆ

ನೋಟ್‌ಬುಕ್ ತೆಗೆಯಿರಿ. ಎಷ್ಟು ವಾರ ಹೋದಿರಿ? ಹೋಗುವ ಮೊದಲು ಬೇಸರವಾದರೂ ಬಂದ ಮೇಲೆ ಹಗುರವಾಗುತ್ತಿತ್ತಾ? ಯಾರೂ ಹೊಗಳದಿದ್ದರೂ ಮಾಡುತ್ತೀರಾ? ಅರ್ಧಕ್ಕೆ ಬಿಟ್ಟಿದ್ದರೆ ಅದು ನಿಮ್ಮದಲ್ಲ ಅಂತ ಗೊತ್ತಾಯಿತು, ಕೆಲವು ಸಾವಿರ ರೂಪಾಯಿಯೊಳಗೆ ಗೊತ್ತಾಯಿತು. ಒಂದು ತಿಂಗಳು ಬಿಡುವು ಕೊಟ್ಟು ಮೇಲೆ ಹೇಳಿದವುಗಳಲ್ಲಿ ಇನ್ನೊಂದನ್ನು ಹಿಡಿಯಿರಿ. ಚೆನ್ನಾಗಿತ್ತು, ಆದರೆ ಇಷ್ಟೇ ಸಾಕು ಅನಿಸಿದರೆ ವಾರಕ್ಕೆ ಮೂರೇ ಗಂಟೆ ಇರಲಿ. ತುಂಬಾ ಜನರಿಗೆ ಬೇಕಾಗಿರುವುದು ಅಷ್ಟೇ, ಸೋಮವಾರದ ಆಫೀಸೂ ಅದರಿಂದ ಸಹ್ಯವಾಗುತ್ತದೆ.

ಇನ್ನೂ ಜಾಸ್ತಿ ಬೇಕು, ಇದೇ ನನ್ನ ಕೆಲಸ ಅನಿಸಿದವರು ಕೂಡ ಮಾರನೇ ದಿನವೇ ರಾಜೀನಾಮೆ ಬರೆಯಬೇಡಿ. ವಾರಕ್ಕೆ ಆರು ಗಂಟೆ ಮಾಡಿ, ಇನ್ನಾರು ತಿಂಗಳು ನೋಡಿ. ಅದರಿಂದ ಒಂದು ರೂಪಾಯಿಯಾದರೂ ಬರುತ್ತದಾ ಅಂತ ಪರೀಕ್ಷಿಸಿ. ಆಗಲೂ ಮನಸ್ಸು ಅದೇ ಹೇಳಿದರೆ ದುಡ್ಡಿನ ಲೆಕ್ಕದ ಕಾಗದ ಮತ್ತೆ ತೆಗೆಯಿರಿ, ನೋಟಿಸ್ ಪೀರಿಯಡ್ ಎಷ್ಟು, ಬೋನಸ್ ಯಾವ ತಿಂಗಳು, ಗ್ರಾಚ್ಯುಟಿಗೆ ಐದು ವರ್ಷ ತುಂಬಿದೆಯಾ ಅಂತ ನೋಡಿ, ಮನೆಯವರ ಜೊತೆ ಕೂತು ಕ್ಯಾಲೆಂಡರಿನಲ್ಲಿ ಒಂದು ತಾರೀಖು ಗುರುತು ಮಾಡಿ.